ಹಕ್ಕಿ ನೋಡುವವರ ಮೆಚ್ಚಿನ ಮಾತು, ಮುನಿಸಿನ ಮಾತು

ಬೆಂಗಳೂರಿನ ಉತ್ತರ ಭಾಗದಲ್ಲಿರುವ ತಣಿಸಂದ್ರದ ಹೆಸರನ್ನು ವಾಚಕರು ಒಮ್ಮೆ ನಿಧಾನವಾಗಿ ಉಚ್ಚರಿಸಿ ನೋಡಬೇಕು. ಬೊಮ್ಮಸಂದ್ರ, ಸಿಂಗಸಂದ್ರ, ಜಕ್ಕಸಂದ್ರ ಮೊದಲಾದ ಹೆಸರುಗಳ ಕೊನೆಯಲ್ಲಿ ಬರುವ 'ಸಂದ್ರ'ವೇ ಇದರ ಕೊನೆಯಲ್ಲಿಯೂ ಇದೆ. ಇದು 'ಸಮುದ್ರ' ಎಂಬ ಪದದ ಸವೆದ ರೂಪವೆಂದೂ, ನಮ್ಮ ಹಿರಿಯರು ದೊಡ್ಡ ಕೆರೆಯನ್ನು ಸಮುದ್ರವೆಂದೇ ಕರೆಯುತ್ತಿದ್ದುದರ ಗುರುತೆಂದೂ ಸ್ಥಳನಾಮಗಳನ್ನು ಅಭ್ಯಸಿಸಿದವರು ಹೇಳುತ್ತಾರೆ. ಮನೆಗಳ ಸಾಲೂ ವಾಹನಗಳ ಸಂದಣಿಯೂ ಊರನ್ನು ತುಂಬಿದ ಮೇಲೂ ಹೆಸರಿನ ಒಳಗೆ ಕೆರೆ ಉಳಿದುಕೊಂಡಿದೆ. ಪದವೊಂದು ತನ್ನಲ್ಲಿ ಎಷ್ಟನ್ನು ಅಡಗಿಸಿಕೊಂಡಿರಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ತಣಿಸಂದ್ರದ ಮಗ್ಗುಲಲ್ಲಿಯೇ ರಾಚೇನಹಳ್ಳಿ ಕೆರೆಯಿದೆ. ಮೇಲ್ಗಡೆಯ ಜಕ್ಕೂರು ಕೆರೆ ತುಂಬಿ ಹರಿದರೆ ಆ ನೀರು ಬಂದು ಸೇರುವುದು ಇಲ್ಲಿಗೆ. ಈ ಎರಡು ಕೆರೆಗಳ ಏರಿಯ ಮೇಲೆ ಬೆಳಗಿನ ಹೊತ್ತು ನಡೆದಾಡುವವರು, ಕೊರಳಿಗೆ ದುರ್ಬೀನು ತೂಗುಹಾಕಿಕೊಂಡ ಕೆಲವರನ್ನು ಕಂಡಿರಬಹುದು. ಅವರು ಹಕ್ಕಿಗಳನ್ನು ನೋಡುವ ಹವ್ಯಾಸಿಗಳು. ಅವರಲ್ಲಿ ವಿದ್ಯಾರ್ಥಿಗಳಿದ್ದಾರೆ, ನಿವೃತ್ತರಿದ್ದಾರೆ, ಗಣಕಯಂತ್ರದ ಕಚೇರಿಗಳಲ್ಲಿ ದುಡಿಯುವವರಿದ್ದಾರೆ. ಅವರು ತಮ್ಮತಮ್ಮಲ್ಲಿ ಆಡುವ ಮಾತನ್ನು ಹೊರಗಿನವನೊಬ್ಬ ಕೇಳಿದರೆ ಅರ್ಧದಷ್ಟೂ ತಿಳಿಯದು. 'ನನಗದು ಲೈಫರ್' ಎನ್ನುತ್ತಾನೆ ಒಬ್ಬ. 'ನಾನು ಡಿಪ್ ಆದೆ' ಎಂದು ಕೊರಗುತ್ತಾನೆ ಇನ್ನೊಬ್ಬ. 'ಬಿಡು, ಅದೊಂದು ಎಲ್.ಬಿ.ಜೆ.' ಎಂದು ಮೂರನೆಯವನು ಮುಂದೆ ನಡೆಯುತ್ತಾನೆ.

ಬಡಗಿಗೂ ಅಕ್ಕಸಾಲಿಗೂ ತಮ್ಮದೇ ಆದ ನುಡಿಯಿರುವಂತೆ ಹವ್ಯಾಸಿಗೂ ಒಂದು ನುಡಿಯಿರುವುದು ಸಹಜವೇ ಆಗಿದೆ. ಆದರೆ ಅದರ ಎಲ್ಲ ಪದಗಳೂ ಒಂದೇ ತೂಕದವಲ್ಲ. ಕೆಲವನ್ನು ಹವ್ಯಾಸಿಗಳು ಮುದ್ದಿನಿಂದ ಬಳಸುತ್ತಾರೆ. ಕೆಲವನ್ನು ಕೇಳಿದೊಡನೆ ಮುಖ ಸಿಂಡರಿಸುತ್ತಾರೆ. ಈ ಒಲವು ಮುನಿಸುಗಳು ಬರಿಯ ಅಭಿರುಚಿಯ ಮಾತೆಂದು ಮೊದಲು ತೋರಬಹುದು. ಸ್ವಲ್ಪ ವಿಚಾರಮಾಡಿದರೆ ಅವುಗಳ ಹಿಂದೆ ವಿಜ್ಞಾನದ ಒಂದು ಮುಖ್ಯ ಪ್ರಶ್ನೆಯೇ ಇದೆಯೆಂದು ತಿಳಿಯುತ್ತದೆ. ಪದವು ನಮ್ಮ ಕಣ್ಣನ್ನು ಹರಿತಗೊಳಿಸುತ್ತದೆಯೆ, ಮೊಂಡುಮಾಡುತ್ತದೆಯೆ? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಪಕ್ಷಿವೀಕ್ಷಕರ ನುಡಿಗಳಲ್ಲಿ ಕೆಲವನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ಜೀವಮಾನದ ಪಟ್ಟಿ

ಒಬ್ಬ ವೀಕ್ಷಕನು ತನ್ನ ಬದುಕಿನಲ್ಲಿ ಮೊಟ್ಟಮೊದಲ ಬಾರಿಗೆ ಕಂಡ ಜಾತಿಯ ಹಕ್ಕಿಗೆ 'ಲೈಫರ್' ಎಂದು ಹೆಸರು. ಜೀವಮಾನದಲ್ಲಿ ಕಂಡ ಜಾತಿಗಳ ಪಟ್ಟಿಯೊಂದನ್ನು ಹವ್ಯಾಸಿಗಳು ಇಟ್ಟುಕೊಂಡಿರುತ್ತಾರಷ್ಟೆ. ಆ ಪಟ್ಟಿಗೆ ಹೊಸದಾಗಿ ಸೇರಿದುದೇ ಲೈಫರ್. ಇಂಗ್ಲಿಷಿನಲ್ಲಿ ಇದೇ ಪದಕ್ಕೆ ಜೀವಾವಧಿ ಶಿಕ್ಷೆಗೆ ಗುರಿಯಾದ ಕೈದಿ ಎಂಬ ಅರ್ಥವೂ ಉಂಟು. ಈ ಹವ್ಯಾಸಕ್ಕೆ ಒಮ್ಮೆ ಸಿಕ್ಕಿಬಿದ್ದವರು ಹೊರಬರುವುದು ಅಪರೂಪವಾದ್ದರಿಂದ ಎರಡು ಅರ್ಥಗಳೂ ಒಪ್ಪುತ್ತವೆಯೆಂದು ನಗುವವರಿದ್ದಾರೆ.

ಈ ಪದವು ಹೆಚ್ಚಿನವರಿಗೆ ಪ್ರಿಯವಾದುದು. ಇದರಲ್ಲಿ ಚೊಚ್ಚಲ ನೋಟದ ಸಂತೋಷವಿದೆ. ಕೆರೆಯಂಚಿನ ಜೊಂಡಿನಲ್ಲಿ ಬೂದುನೀಲಿ ಮಿಶ್ರಿತ ಕೆಂಗಂದು ಬಣ್ಣದ, ಹಾವಿನಂತಹ ಕತ್ತಿನ ಕೆನ್ನೀಲಿ ಬಕವನ್ನು ಮೊದಲ ಸಲ ಕಂಡ ಹುಡುಗನೊಬ್ಬನು ಆ ದಿನಾಂಕವನ್ನು ಮರೆಯಲಾರ. ಆ ದಿನಾಂಕವನ್ನು ಬರೆದಿಡುವ ಅಭ್ಯಾಸವೇ ವಿಜ್ಞಾನದ ಮೊದಲ ಮೆಟ್ಟಿಲು.

ಲೈಫರಿನ ಒಡಹುಟ್ಟುಗಳು 'ಟಿಕ್' ಮತ್ತು 'ಡಿಪ್'. ಪಟ್ಟಿಯಲ್ಲಿ ಗುರುತುಹಾಕುವುದು ಟಿಕ್. ಒಂದು ವಿಶೇಷ ಹಕ್ಕಿಯನ್ನು ಹುಡುಕಿಹೋಗಿ ಅದು ಕಾಣದೆ ಹಿಂದಿರುಗುವುದು ಡಿಪ್. ಎಲ್ಲಿಯೋ ಅಪರೂಪದ ಹಕ್ಕಿ ಬಂದಿಳಿದಿದೆಯೆಂದು ಕೇಳಿದೊಡನೆ ಎಲ್ಲ ಕೆಲಸವನ್ನೂ ಬಿಟ್ಟು ಓಡುವವನಿಗೆ 'ಟ್ವಿಚರ್' ಎನ್ನುತ್ತಾರೆ. ಇದು ಬ್ರಿಟನ್ನಿನಲ್ಲಿ ೧೯೫೦ರ ದಶಕದಲ್ಲಿ ಹುಟ್ಟಿದ ಪದ. ಹೀಗೆ ಓಡುತ್ತಿದ್ದ ಒಬ್ಬ ಹವ್ಯಾಸಿಯು ಗೆಳೆಯನ ಮೋಟಾರು ಸೈಕಲ್ಲಿನ ಹಿಂಬದಿಯಲ್ಲಿ ಕುಳಿತು ಬಹುದೂರ ಬಂದು, ಇಳಿದಾಗ ಚಳಿಯಿಂದ ಅದುರುತ್ತಿದ್ದನೆಂದೂ, ಅದುರುವುದಕ್ಕೆ ಇಂಗ್ಲಿಷಿನಲ್ಲಿರುವ ಮಾತೇ ಅಂತಹ ಎಲ್ಲರಿಗೂ ಅಡ್ಡಹೆಸರಾಯಿತೆಂದೂ ಕಥೆ ಹೇಳುತ್ತಾರೆ. ಅಡ್ಡಹೆಸರನ್ನು ಹೆಮ್ಮೆಯಿಂದ ಹೊರುವವರೂ ಉಂಟು, ಬೈಗುಳವೆಂದು ಕೆರಳುವವರೂ ಉಂಟು. ಪಟ್ಟಿ ಬೆಳೆಯಬೇಕೆಂಬ ಹಂಬಲವು ಹಕ್ಕಿಯ ಮೇಲಿನ ಕುತೂಹಲವನ್ನೇ ನುಂಗಿದಾಗ ಟಿಕ್ ಎಂಬ ಎರಡಕ್ಷರ ಅನೇಕರಿಗೆ ಕಿವಿಗೆ ಚುಚ್ಚುತ್ತದೆ.

'ಜಿಜ್' ಎಂಬ ಮಾತಿನ ಕಥೆ

ಪಕ್ಷಿವೀಕ್ಷಕರೆಲ್ಲರ ಮೆಚ್ಚುಗೆಗೂ ಪಾತ್ರವಾದ ಪದ ಯಾವುದೆಂದು ಕೇಳಿದರೆ 'ಜಿಜ್' ಎಂಬ ಉತ್ತರ ಬರುವುದು ಸಂಭವನೀಯ. ಗರಿಯ ಬಣ್ಣ, ಕೊಕ್ಕಿನ ಅಳತೆ ಮೊದಲಾದ ವಿವರಗಳನ್ನು ಎಣಿಸುವುದಕ್ಕೆ ಮುಂಚೆಯೇ, ಹಕ್ಕಿಯ ಒಟ್ಟು ಆಕಾರ, ನಿಲುವು, ಚಲನೆಗಳಿಂದ ಇದು ಇಂಥದೇ ಎಂದು ಹೊಳೆಯುತ್ತದಲ್ಲವೆ, ಆ ಹೊಳಹಿಗೆ ಜಿಜ್ ಎಂದು ಹೆಸರು. ಬೀದಿಯ ಕೊನೆಯಲ್ಲಿ ಬರುತ್ತಿರುವ ಅಣ್ಣನನ್ನು ಮುಖ ಕಾಣುವ ಮೊದಲೇ ನಡಿಗೆಯಿಂದ ಗುರುತಿಸುವಂತೆಯೇ ಇದು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನಗಳನ್ನು ದೂರದಿಂದ ಗುರುತಿಸುವವರು ಆಕಾರ ಮತ್ತು ಗಾತ್ರಗಳ ಒಟ್ಟು ನೋಟಕ್ಕೆ ಇಂಗ್ಲಿಷಿನ ನಾಲ್ಕು ಪದಗಳ ಮೊದಲಕ್ಷರಗಳನ್ನು ಕೂಡಿಸಿ 'ಜಿಸ್' ಎನ್ನುತ್ತಿದ್ದರೆಂದೂ, ಅದೇ ಜಿಜ್ ಆಯಿತೆಂದೂ ಬಹುಮಂದಿ ಹೇಳುತ್ತಾರೆ. ಕೇಳಲು ಸೊಗಸಾದ ವಿವರಣೆ. ಆದರೆ ಟಿ. ಎ. ಕಾವರ್ಡ್ ಎಂಬ ಇಂಗ್ಲಿಷ್ ಪ್ರಕೃತಿಶಾಸ್ತ್ರಜ್ಞನು ೧೯೨೨ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿಯೇ ಈ ಪದವನ್ನು ಇದೇ ಅರ್ಥದಲ್ಲಿ ಬಳಸಿದ್ದಾನೆ. ಐರ್ಲೆಂಡಿನ ಪಶ್ಚಿಮ ಕರಾವಳಿಯವನೊಬ್ಬನ ಬಾಯಿಂದ ಅದು ಬಂದುದೆಂದು ಸೂಚಿಸಿದ್ದಾನೆ. ಯುದ್ಧವು ಆರಂಭವಾದುದು ೧೯೩೯ರಲ್ಲಿ. ಮಗುವು ತಾಯಿಗಿಂತ ಹದಿನೇಳು ವರ್ಷ ಮೊದಲು ಹುಟ್ಟುವುದು ಹೇಗೆ? ಪದದ ಮೂಲವನ್ನು ಹೇಳುವ ಕಥೆ ಎಷ್ಟೇ ಜಾಣತನದ್ದಾಗಿರಲಿ, ತಾರೀಖಿನ ಮುಂದೆ ನಿಲ್ಲದಿದ್ದರೆ ಅದನ್ನು ಕೈಬಿಡಬೇಕಾಗುತ್ತದೆ. ಹಕ್ಕಿಯ ಗುರುತಿಗೂ ಇದೇ ನಿಯಮ ಸಲ್ಲುತ್ತದೆ.

ಜಿಜ್ ಎಂಬುದು ಮಾಟಮಂತ್ರವಲ್ಲ. ತಣಿಸಂದ್ರದ ಮುಖ್ಯ ರಸ್ತೆಯ ಮೇಲೆ ತಲೆಯೆತ್ತಿ ನೋಡಿದರೆ ಎತ್ತರದಲ್ಲಿ ತೇಲುವ ಹದ್ದುಗಳು ಕಾಣುತ್ತವೆ. ಅವುಗಳ ಬಾಲದ ತುದಿ ನಡುವೆ ಕತ್ತರಿಸಿದಂತೆ ಕವಲೊಡೆದಿರುತ್ತದೆ. ಕೆರೆಯ ಮೇಲೆ ಸುತ್ತುವ ಗರುಡನ ಬಾಲದ ತುದಿಯಾದರೋ ದುಂಡಾಗಿರುತ್ತದೆ. ಬೆಳಕಿಗೆ ಎದುರಾಗಿ ಎರಡೂ ಬರಿಯ ಕಪ್ಪು ನೆರಳುಗಳಾಗಿ ಕಂಡಾಗ ಗರುಡನ ಕೆಂಗಂದು ಮೈಯೂ ಬಿಳಿಯ ತಲೆಯೂ ನಮ್ಮ ಸಹಾಯಕ್ಕೆ ಬಾರವು. ಬಾಲದ ಅಂಚೊಂದೇ ಸಾಕ್ಷಿ. ನೂರಾರು ಬಾರಿ ಹೀಗೆ ನೋಡಿದ ಕಣ್ಣು ಈ ಸಾಕ್ಷ್ಯವನ್ನು ಕ್ಷಣಮಾತ್ರದಲ್ಲಿ ಓದುತ್ತದೆ. ಅನುಭವವು ಹೆಪ್ಪುಗಟ್ಟಿ ಅಭ್ಯಾಸವಾದುದೇ ಜಿಜ್.

ನಮ್ಮ ನುಡಿಯಲ್ಲಿಯೇ ಇರುವ ಹೊಳಹು

ಜಿಜ್ ಎಂಬುದಕ್ಕೆ ಕನ್ನಡದಲ್ಲಿ ಒಂದು ಪದವಿಲ್ಲವೆಂದು ಕೊರಗುವವರು ಕನ್ನಡದ ಹಕ್ಕಿಯ ಹೆಸರುಗಳನ್ನು ಕಿವಿಗೊಟ್ಟು ಕೇಳಬೇಕು. ನೀರಿನಲ್ಲಿ ಈಜುವ ಮಸಿಗಪ್ಪಿನ ಹಕ್ಕಿಯೊಂದಕ್ಕೆ ಹಣೆಯ ಮೇಲೆ ಬೆಳ್ಳನೆಯ ಫಲಕವಿದೆ. ಅದನ್ನು ಕಂಡ ಯಾರೋ ಪುಣ್ಯಾತ್ಮರು 'ನಾಮದ ಕೋಳಿ' ಎಂದು ಕರೆದರು. ಈ ಹೆಸರನ್ನು ಕೇಳಿದ ಮೇಲೆ ಆ ಹಕ್ಕಿಯನ್ನು ಗುರುತಿಸಲು ಚಿತ್ರಪುಸ್ತಕವೇ ಬೇಡ. ಇಂಗ್ಲಿಷಿನ 'ಕೂಟ್' ಎಂಬ ಹೆಸರಿನಿಂದ ಈ ಉಪಕಾರ ದೊರೆಯುವುದಿಲ್ಲ.

'ಗುಳುಮುಳುಕ' ಎಂಬ ಪುಟ್ಟ ಹಕ್ಕಿಯು ನಾವು ನೋಡುತ್ತಿರುವಂತೆಯೇ ನೀರಿನಲ್ಲಿ ಮಾಯವಾಗಿ ಹತ್ತಾರು ಗಜ ಆಚೆ ತಲೆಯೆತ್ತುತ್ತದೆ. ಹೆಸರಿನಲ್ಲಿಯೇ ನೀರಿನ ಸದ್ದೂ ಮುಳುಗುವ ಕ್ರಿಯೆಯೂ ಕೂಡಿವೆ. 'ಹಾವಕ್ಕಿ'ಯು ಮೈಯನ್ನೆಲ್ಲ ನೀರಿನೊಳಗೆ ಅಡಗಿಸಿ ಉದ್ದನೆಯ ಕತ್ತನ್ನು ಮಾತ್ರ ಹೊರಗಿಟ್ಟು ಈಜುವಾಗ, ಹೆಸರಿಟ್ಟವರ ಕಣ್ಣು ಎಷ್ಟು ಚುರುಕಾಗಿದ್ದಿತೆಂದು ಅರ್ಥವಾಗುತ್ತದೆ. 'ಮೆಟ್ಟುಗಾಲು ಹಕ್ಕಿ'ಯು ಕೋಲುಗಾಲು ಕಟ್ಟಿಕೊಂಡವರಂತೆ ಕೆಂಪನೆಯ ನೀಳಗಾಲುಗಳಲ್ಲಿ ಆಳವಿಲ್ಲದ ನೀರನ್ನು ದಾಟುತ್ತದೆ. ನೆಲದ ಮೇಲೆ ಓಡುತ್ತ ಸದಾ ಹಿಂಭಾಗವನ್ನು ಕುಣಿಸುವ ಹಕ್ಕಿಗೆ ನಮ್ಮ ಹಳ್ಳಿಯವರು 'ಕುಂಡೆಕುಸ್ಕ' ಎಂದರು. ಈ ಹೆಸರನ್ನು ತರಗತಿಯಲ್ಲಿ ಹೇಳಿದರೆ ಹುಡುಗರು ನಗುತ್ತಾರೆ. ನಗಲಿ, ಆದರೆ ಆ ಹೆಸರಿನಲ್ಲಿ ಸರಿಯಾದ ಒಂದು ಅವಲೋಕನವಿದೆ. ದೂರದಲ್ಲಿ ಬಣ್ಣ ಕಾಣದಿದ್ದರೂ ಬಾಲದ ಕುಣಿತ ಕಾಣುತ್ತದೆ.

ರಾಚೇನಹಳ್ಳಿ ಕೆರೆಯ ಏರಿಯ ಮೇಲೆ ವೀಕ್ಷಕರ ಒಂದು ಗುಂಪು ನಿಂತಿದೆಯೆಂದೂ, ಪಕ್ಕದ ಬೀದಿಯ ಒಬ್ಬ ಹುಡುಗ ಕುತೂಹಲದಿಂದ ಹತ್ತಿರ ಬಂದನೆಂದೂ ಭಾವಿಸೋಣ. ಲೈಫರ್, ಡಿಪ್, ಜಿಜ್ ಎಂಬ ಮಾತುಗಳು ಅವನ ತಲೆಯ ಮೇಲಿಂದ ಹಾರಿಹೋಗುತ್ತವೆ. 'ಅದೋ ಕುಂಡೆಕುಸ್ಕ' ಎಂದು ಅವನು ಬೆರಳು ತೋರಿಸಿದಾಗ ಗುಂಪಿನವರು ನಕ್ಕು ಇಂಗ್ಲಿಷಿನಲ್ಲಿ ಹೆಸರನ್ನು ತಿದ್ದಿದರೆ, ಅವನು ಮತ್ತೆ ಅಲ್ಲಿಗೆ ಬರುವನೆ? ಒಳಗಿನವರಿಗೆ ಸಲಿಗೆಯ ಗುರುತಾದ ಮಾತೇ ಹೊರಗಿನವರಿಗೆ ಮುಚ್ಚಿದ ಬಾಗಿಲಾಗುವುದು ಹೀಗೆ. ಹವ್ಯಾಸದ ನುಡಿಯ ಮೇಲೆ ಅನೇಕರಿಗೆ ಸಿಟ್ಟು ಬರುವುದಕ್ಕೆ ಇದೊಂದು ಕಾರಣ, ಮತ್ತು ಅದು ನ್ಯಾಯವಾದ ಕಾರಣವೆಂದೇ ನಮ್ಮ ಅಭಿಪ್ರಾಯ.

ಎಲ್ಲವೂ ಕೊಕ್ಕರೆಯೆ?

ಇನ್ನು ವೀಕ್ಷಕರ ಮುನಿಸಿಗೆ ಪಾತ್ರವಾದ ಪದಗಳಿಗೆ ಬರೋಣ. ಕನ್ನಡ ಬಲ್ಲ ಹಕ್ಕಿಪ್ರಿಯರನ್ನು ಬಹಳ ಕಾಡುವ ಪದ 'ಕೊಕ್ಕರೆ'. ನೀಳಗಾಲಿನ, ನೀಳಕೊಕ್ಕಿನ ಯಾವ ನೀರುಹಕ್ಕಿ ಕಂಡರೂ ದಾರಿಹೋಕರು ಕೊಕ್ಕರೆ ಎನ್ನುತ್ತಾರೆ. ಬಣ್ಣದ ಕೊಕ್ಕರೆಯೂ ಕೊಕ್ಕರೆಯೇ, ಬಕವೂ ಕೊಕ್ಕರೆಯೇ, ಬೆಳ್ಳಕ್ಕಿಯೂ ಕೊಕ್ಕರೆಯೇ. ಚಮಚದಂತಹ ಕೊಕ್ಕುಳ್ಳ ಹಕ್ಕಿಯೂ ಅದೇ. ಹೀಗಾದರೆ ಕೆರೆಯಲ್ಲಿ ಯಾವುದು ಹೆಚ್ಚಿತು, ಯಾವುದು ಕಡಿಮೆಯಾಯಿತು ಎಂದು ಕೇಳಿದಾಗ ಏನನ್ನು ಹೇಳುವುದು?

ಇವುಗಳನ್ನು ಬೇರ್ಪಡಿಸಲು ಒಂದು ಸುಲಭವಾದ ಉಪಾಯವುಂಟು. ಹಾರುವಾಗ ಕತ್ತನ್ನು ನೋಡಬೇಕು. ಬಕ ಮತ್ತು ಬೆಳ್ಳಕ್ಕಿಗಳು ಕತ್ತನ್ನು ಮಡಿಸಿ ಹೆಗಲಿಗೆ ಸೇರಿಸಿಕೊಂಡು ಹಾರುತ್ತವೆ. ಅವುಗಳ ಕತ್ತಿನ ಎಲುಬುಮಣಿಗಳ ವಿಶೇಷ ಜೋಡಣೆಯಿಂದ ಕತ್ತು ಇಂಗ್ಲಿಷಿನ 'ಎಸ್' ಅಕ್ಷರದಂತೆ ಬಾಗುವುದು ಸಾಧ್ಯವಾಗಿದೆ. ನಿಜವಾದ ಕೊಕ್ಕರೆಗಳೂ ಚಮಚಕೊಕ್ಕಿನವೂ ಕತ್ತನ್ನು ಮುಂದಕ್ಕೆ ನೇರವಾಗಿ ಚಾಚಿ ಹಾರುತ್ತವೆ. ಹೆಜ್ಜಾರ್ಲೆಯು ಭಾರಿ ಕೊಕ್ಕನ್ನು ಮಡಿಸಿದ ಕತ್ತಿನ ಮೇಲೆ ಒರಗಿಸಿಕೊಂಡಿರುತ್ತದೆ. ಇಷ್ಟನ್ನು ತಿಳಿದವನು ಕೆರೆಗೆ ಮರಳುವ ಸಂಜೆಯ ಸಾಲುಗಳನ್ನು ದುರ್ಬೀನಿಲ್ಲದೆಯೇ ವಿಂಗಡಿಸಬಲ್ಲನು.

ಹೀಗಿದ್ದರೂ ಕೊಕ್ಕರೆ ಎಂಬ ಪದವನ್ನು ಬಳಸುವ ಜನರನ್ನು ಹಳಿಯುವುದು ಸಲ್ಲದು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಊರ ನಡುವಣ ಮರಗಳಲ್ಲಿ ಗೂಡುಕಟ್ಟುವ ಹಳ್ಳಿಯೊಂದುಂಟು. ಅದರ ಹೆಸರೇ ಕೊಕ್ಕರೆ ಬೆಳ್ಳೂರು. ಹೆಜ್ಜಾರ್ಲೆಯನ್ನೂ ಸೇರಿಸಿಕೊಂಡು 'ಕೊಕ್ಕರೆ' ಎಂದ ಆ ಹಳ್ಳಿಯ ಜನ ಅವುಗಳನ್ನು ಮನೆಯ ಹೆಣ್ಣುಮಕ್ಕಳಂತೆ ಕಂಡು ಕಾಪಾಡಿಕೊಂಡು ಬಂದಿದ್ದಾರೆ. ಹೆಸರು ಸಡಿಲವಾಗಿದ್ದರೂ ಪ್ರೀತಿ ಸಡಿಲವಾಗಿರಲಿಲ್ಲ. ವಿಜ್ಞಾನಕ್ಕೆ ಬಿಗಿಯಾದ ಹೆಸರು ಬೇಕು. ಆ ಬಿಗಿಯನ್ನು ಕಲಿಸುವಾಗ ಪ್ರೀತಿಯನ್ನು ಕಳೆಯಬಾರದು.

ಕಂದುಬಣ್ಣದ ಅನಾಮಿಕರು

'ಎಲ್.ಬಿ.ಜೆ.' ಎಂದರೆ ಪುಟ್ಟದಾದ, ಕಂದುಬಣ್ಣದ, ಯಾವುದೆಂದು ತಿಳಿಯದ ಹಕ್ಕಿ. ಇಂಗ್ಲಿಷಿನ ಮೂರು ಪದಗಳ ಮೊದಲಕ್ಷರಗಳಿವು. ೧೯೬೩ರಿಂದ ೧೯೬೯ರವರೆಗೆ ಅಮೆರಿಕದ ಅಧ್ಯಕ್ಷರಾಗಿದ್ದ ಲಿಂಡನ್ ಬಿ. ಜಾನ್ಸನ್ನರ ಹೆಸರಿನ ಮೊದಲಕ್ಷರಗಳೂ ಇವೇ ಆಗಿದ್ದುದರಿಂದ ಈ ಮಾತು ವಿನೋದಕ್ಕೂ ಒದಗುತ್ತದೆ. ಹೊಸಬನು ಗೊತ್ತಾಗಲಿಲ್ಲವೆಂದು ನಾಚದೆ ಒಪ್ಪಿಕೊಳ್ಳಲು ಈ ಮಾತು ನೆರವಾಗುತ್ತದೆ. ಅಷ್ಟರಮಟ್ಟಿಗೆ ಅದು ಒಳ್ಳೆಯದೇ. ತಪ್ಪು ಹೆಸರನ್ನು ಬರೆಯುವುದಕ್ಕಿಂತ 'ತಿಳಿಯದ ಕಂದು ಹಕ್ಕಿ' ಎಂದು ಬರೆಯುವುದು ಪ್ರಾಮಾಣಿಕವಾದುದು. ಆದರೆ ಅದನ್ನೇ ಸೋಮಾರಿತನದ ನೆಪವಾಗಿ ಬಳಸಿದಾಗ ಅನುಭವಿಗಳು ಸಿಡಿಮಿಡಿಗೊಳ್ಳುತ್ತಾರೆ.

ಕಾರಣವಿಷ್ಟೇ. ಚಳಿಗಾಲದಲ್ಲಿ ನಮ್ಮ ಪೊದೆಗಳಲ್ಲಿ, ಕೈತೋಟಗಳಲ್ಲಿ ಕೂಡ, ನಾಲಗೆಯಿಂದ ಲೊಚಗುಟ್ಟಿದಂತೆ 'ಚಕ್, ಚಕ್' ಎಂಬ ಸದ್ದು ಕೇಳಿಬರುತ್ತದೆ. ಎಲೆಗಳ ನಡುವೆ ಹುಡುಕಿದರೆ ಹತ್ತು ಹನ್ನೆರಡು ಗ್ರಾಂ ತೂಗುವ, ಯಾವ ಅಲಂಕಾರವೂ ಇಲ್ಲದ ಕಂದುಹಕ್ಕಿಯೊಂದು ಕ್ಷಣಕಾಲ ಕಂಡು ಮರೆಯಾಗುತ್ತದೆ. ಅದು ಬ್ಲೈತ್ ಎಂಬವನ ಹೆಸರಿನಲ್ಲಿರುವ ಜೊಂಡಿನ ಉಲಿಯಕ್ಕಿ. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯದ ಪಾಲಕನಾಗಿದ್ದ ಎಡ್ವರ್ಡ್ ಬ್ಲೈತನು ೧೮೪೯ರಲ್ಲಿ ಅದನ್ನು ವರ್ಣಿಸಿ, 'ಪೊದೆಗಳ ನಿವಾಸಿ' ಎಂಬರ್ಥದ ಲ್ಯಾಟಿನ್ ಹೆಸರನ್ನಿತ್ತನು. ಈ ಹಕ್ಕಿ ಮರಿಮಾಡುವುದು ಫಿನ್ಲೆಂಡಿನಿಂದ ಸೈಬೀರಿಯದವರೆಗೆ ಹಬ್ಬಿದ ನಾಡುಗಳಲ್ಲಿ. ನಾಲ್ಕಾರು ಮೆಣಸಿನಕಾಯಿಯಷ್ಟು ತೂಕದ ಜೀವವೊಂದು ಸಾವಿರಾರು ಮೈಲಿ ಹಾರಿ ತಣಿಸಂದ್ರದ ಬೇಲಿಯ ಪೊದೆಗೆ ಬಂದಿರುವಾಗ ಅದನ್ನು ಮೂರಕ್ಷರಗಳಲ್ಲಿ ತಳ್ಳಿಹಾಕುವುದು ಮರ್ಯಾದೆಯೆ?

ಬುರುಡೆ ಮತ್ತು ಹೊಡೆತ

ಕಾಣದ ಹಕ್ಕಿಯನ್ನು ಕಂಡೆನೆನ್ನುವವನಿಗೆ, ಅಥವಾ ಪ್ರತಿಯೊಂದು ಸಾಧಾರಣ ಹಕ್ಕಿಯನ್ನೂ ಅಪರೂಪದ್ದೆಂದು ಸಾಧಿಸುವವನಿಗೆ ಬ್ರಿಟನ್ನಿನ ವೀಕ್ಷಕರು 'ಸ್ಟ್ರಿಂಗರ್' ಎನ್ನುತ್ತಾರೆ. ಕನ್ನಡದಲ್ಲಿ 'ಬುರುಡೆ ಬಿಡುವವನು' ಎಂದರೆ ಸಾಕು. ಹವ್ಯಾಸಿಗಳ ಲೋಕದಲ್ಲಿ ಇದಕ್ಕಿಂತ ಕಠಿನವಾದ ನಿಂದೆ ಬೇರೊಂದಿಲ್ಲ. ಮೇಲುನೋಟಕ್ಕೆ ಇದು ಸಣ್ಣ ಜಂಬದ ಸಂಗತಿ. ಆದರೆ ಹವ್ಯಾಸಿಯ ಟಿಪ್ಪಣಿಯನ್ನು ನಾಳೆ ವಿಜ್ಞಾನಿ ಓದುತ್ತಾನೆ. ಒಂದು ಬುರುಡೆಯು ನೂರು ಸತ್ಯಗಳ ಬೆಲೆಯನ್ನು ಕುಗ್ಗಿಸುತ್ತದೆ. ಆದಕಾರಣವೇ ಈ ಪದವನ್ನು ಯಾರ ಮೇಲಾದರೂ ಎಸೆಯುವ ಮುನ್ನ ಹತ್ತು ಬಾರಿ ಯೋಚಿಸಬೇಕು. ಹೊಸಬನ ಪ್ರಾಮಾಣಿಕವಾದ ತಪ್ಪು ಬುರುಡೆಯಲ್ಲ.

ಕ್ಯಾಮರಾ ಹಿಡಿದವರ ಬಾಯಲ್ಲಿ 'ಹೊಡೆ' ಎಂಬ ಕ್ರಿಯಾಪದ ಬಹಳ. 'ಮಿಂಚುಳ್ಳಿಯನ್ನು ಹೊಡೆದೆ' ಎಂದರೆ ಚಿತ್ರ ತೆಗೆದೆನೆಂದು ಅರ್ಥ. ಹಿರಿಯ ವೀಕ್ಷಕರಲ್ಲಿ ಕೆಲವರಿಗೆ ಇದು ಸಹಿಸದು. ಇದಕ್ಕೆ ಇತಿಹಾಸದ ನೆರಳೂ ಉಂಟು. ಒಂದಾನೊಂದು ಕಾಲದಲ್ಲಿ ಹಕ್ಕಿಯ ಜಾತಿಯನ್ನು ನಿರ್ಧರಿಸಬೇಕಾದರೆ ಅದನ್ನು ನಿಜವಾಗಿಯೇ ಬಂದೂಕಿನಿಂದ ಹೊಡೆದು, ಚರ್ಮವನ್ನು ಹದಮಾಡಿ, ವಸ್ತುಸಂಗ್ರಹಾಲಯದ ಮಾದರಿಗಳೊಡನೆ ಹೋಲಿಸುತ್ತಿದ್ದರು. ಸಲೀಂ ಅಲಿಯವರು ೧೯೩೯-೪೦ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದಾಗಲೂ ಮಾದರಿಗಳ ಸಂಗ್ರಹವೇ ಪದ್ಧತಿಯಾಗಿದ್ದಿತು. ದುರ್ಬೀನೂ ಒಳ್ಳೆಯ ಚಿತ್ರಪುಸ್ತಕಗಳೂ ಬಂದ ಮೇಲೆ ಬಂದೂಕಿನ ಕೆಲಸವನ್ನು ಕಣ್ಣು ಮಾಡತೊಡಗಿತು. ೧೯೪೧ರಲ್ಲಿ ಹೊರಬಂದ ಸಲೀಂ ಅಲಿಯವರ ಭಾರತೀಯ ಹಕ್ಕಿಗಳ ಪುಸ್ತಕವು ಈ ಬದಲಾವಣೆಗೆ ನಮ್ಮ ದೇಶದಲ್ಲಿ ಬಹಳವಾಗಿ ನೆರವಾಯಿತು. ಹೊಡೆತ ನಿಂತಿತು, ಮಾತು ಉಳಿಯಿತು.

'ಸಾಮಾನ್ಯ' ಎಂಬ ಅಪಾಯದ ಪದ

ಎಲ್ಲಕ್ಕಿಂತ ಹೆಚ್ಚಿನ ಮುನಿಸಿಗೆ ಯೋಗ್ಯವೆಂದು ನಮಗೆ ತೋರುವ ಮಾತು ಮತ್ತೊಂದಿದೆ. ಎಲ್ಲಿ ನೋಡಿದರೂ ಕಾಣುವ ಹಕ್ಕಿಯನ್ನು ಇಂಗ್ಲಿಷಿನಲ್ಲಿ ಕೆಲವರು 'ಕಸದ ಹಕ್ಕಿ' ಎಂಬರ್ಥದ ಮಾತಿನಿಂದ ಕರೆಯುತ್ತಾರೆ. ಅಷ್ಟು ಒರಟಾಗಿ ಹೇಳದವರು 'ಕಾಮನ್' ಎನ್ನುತ್ತಾರೆ. ಈ ಕಾಮನ್ ಅನೇಕ ಹಕ್ಕಿಗಳ ಅಧಿಕೃತ ಹೆಸರಿನಲ್ಲಿಯೇ ಅಂಟಿಕೊಂಡಿದೆ. ಕನ್ನಡಿಸುವವರು ಅದನ್ನು 'ಸಾಮಾನ್ಯ' ಎಂದು ಹಾಗೆಯೇ ಇಳಿಸುತ್ತಾರೆ. ಸಾಮಾನ್ಯವೆಂದ ಮೇಲೆ ನೋಡುವುದೇನಿದೆ, ಬರೆಯುವುದೇನಿದೆ ಎಂದು ಮನಸ್ಸು ಮುಂದೆ ಸಾಗುತ್ತದೆ.

ಇದರಿಂದಾಗುವ ನಷ್ಟವನ್ನು ತಿಳಿಯಲು ಹಕ್ಕಿಗಳ ಏರಿಳಿತವನ್ನು ಲೆಕ್ಕಹಾಕುವ ವಿಧಾನವನ್ನು ತಿಳಿಯಬೇಕು. ದೇಶದ ಎಲ್ಲ ಹಕ್ಕಿಗಳನ್ನೂ ಎಣಿಸುವುದು ಯಾರಿಗೂ ಸಾಧ್ಯವಿಲ್ಲ. ಆದರೆ ಹವ್ಯಾಸಿಗಳು ಒಂದು ಸ್ಥಳದಲ್ಲಿ ಒಂದು ಹೊತ್ತು ನಿಂತು ತಾವು ಗುರುತಿಸಿದ ಎಲ್ಲ ಜಾತಿಗಳನ್ನೂ, ಒಂದನ್ನೂ ಬಿಡದೆ, ಬರೆದರೆ ಅದಕ್ಕೆ 'ಸಂಪೂರ್ಣ ಪಟ್ಟಿ' ಎನ್ನುತ್ತಾರೆ. ಒಂದು ಪ್ರದೇಶದ ನೂರು ಸಂಪೂರ್ಣ ಪಟ್ಟಿಗಳಲ್ಲಿ ಒಂದು ಜಾತಿಯು ಹಿಂದೆ ನಲವತ್ತರಲ್ಲಿ ಕಾಣಿಸಿಕೊಳ್ಳುತ್ತಿದ್ದು, ಈಗ ಇಪ್ಪತ್ತೈದರಲ್ಲಿ ಮಾತ್ರ ಕಾಣಿಸಿದರೆ ಅದು ಕಡಿಮೆಯಾಗುತ್ತಿದೆಯೆಂದು ಊಹಿಸಬಹುದು. ಅಪರೂಪದ ಹಕ್ಕಿಯನ್ನು ಮಾತ್ರ ಬರೆದು ಕಾಗೆ, ಹದ್ದು, ಗೊರವಗಳನ್ನು ಬಿಟ್ಟವನ ಪಟ್ಟಿಯಿಂದ ಈ ಲೆಕ್ಕ ಸಾಧ್ಯವಿಲ್ಲ. ಅವನು ಬರೆಯಲಿಲ್ಲವೋ, ಹಕ್ಕಿಯೇ ಇರಲಿಲ್ಲವೋ ತಿಳಿಯುವುದು ಹೇಗೆ?

ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯವು ಆಡುಬಾನ್ ಸಂಘದೊಡಗೂಡಿ ೨೦೦೨ರಲ್ಲಿ ಆರಂಭಿಸಿದ 'ಈ-ಬರ್ಡ್' ಎಂಬ ದಾಖಲೆಗಳ ಕಣಜಕ್ಕೆ ಭಾರತದ ಹವ್ಯಾಸಿಗಳೂ ಇಂತಹ ಪಟ್ಟಿಗಳನ್ನು ತುಂಬುತ್ತಾರೆ. ಅವುಗಳನ್ನು ಆಧರಿಸಿ ಭಾರತದ ಹಕ್ಕಿಗಳ ಸ್ಥಿತಿಗತಿಯನ್ನು ತಿಳಿಸುವ ವರದಿ ೨೦೨೦ರಲ್ಲಿ ಮೊದಲ ಬಾರಿಗೆ, ೨೦೨೩ರಲ್ಲಿ ಎರಡನೆಯ ಬಾರಿಗೆ ಪ್ರಕಟವಾಯಿತು. ಎರಡನೆಯ ವರದಿಯು ೯೪೨ ಜಾತಿಗಳನ್ನು ಪರಿಶೀಲಿಸಿತು. ಅದಕ್ಕೆ ಆಧಾರವಾದುವು ಮೂವತ್ತು ಸಾವಿರಕ್ಕೂ ಹೆಚ್ಚು ವೀಕ್ಷಕರ ಸುಮಾರು ಮೂರು ಕೋಟಿ ದಾಖಲೆಗಳು. ದೀರ್ಘಕಾಲದ ಏರಿಳಿತವನ್ನು ನಿರ್ಧರಿಸಲು ಸಾಧ್ಯವಾದ ೩೩೮ ಜಾತಿಗಳಲ್ಲಿ ನೂರಕ್ಕೆ ೬೦ರಷ್ಟು ಇಳಿಮುಖವಾಗಿದ್ದುವು.

ಆ ವರದಿಯಲ್ಲಿ ಶೇಕಡ ೩೦ ಅಥವಾ ಅದಕ್ಕೂ ಹೆಚ್ಚಾಗಿ ಕುಸಿದುವೆಂದೂ, ಅಪಾಯದ ಅಂತಾರಾಷ್ಟ್ರೀಯ ಪಟ್ಟಿಯಲ್ಲಿ ಅವುಗಳ ಸ್ಥಾನವನ್ನು ಮರುಪರಿಶೀಲಿಸಬೇಕೆಂದೂ ಸೂಚಿತವಾದ ೧೪ ಜಾತಿಗಳಿವೆ. ಅವುಗಳಲ್ಲಿ ಒಂದು ನೀಲಕಂಠ, ನಮ್ಮ ಕರ್ನಾಟಕದ ರಾಜ್ಯಪಕ್ಷಿ. ಇನ್ನೊಂದರ ಹೆಸರು 'ಕಾಮನ್ ಸ್ಯಾಂಡ್‌ಪೈಪರ್'. ಕನ್ನಡದಲ್ಲಿ ಹೇಳುವುದಾದರೆ ಸಾಮಾನ್ಯ ಗೊರವ. ಚಳಿಗಾಲದಲ್ಲಿ ಕೆರೆಯಂಚಿನ ಕಲ್ಲುಗಳ ಮೇಲೆ ಒಂಟಿಯಾಗಿ ನಿಂತು ಕುಂಡೆಕುಸ್ಕದಂತೆಯೇ ಹಿಂಭಾಗವನ್ನು ಮೇಲೆ ಕೆಳಗೆ ಆಡಿಸುವ, ರೆಕ್ಕೆಯ ಮುಂದೆ ಬಿಳಿಯ ಬೆಣೆಯಂತಹ ಗುರುತುಳ್ಳ, ಎಬ್ಬಿಸಿದರೆ ರೆಕ್ಕೆಗಳನ್ನು ಬಿಗಿಹಿಡಿದು ಪಟಪಟನೆ ನೀರಿಗೆ ತಾಗುವಂತೆ ಹಾರುವ ಹಕ್ಕಿ ಅದು. ಅದರ ಹೆಸರಿನಲ್ಲಿ ಸಾಮಾನ್ಯವೆಂಬ ವಿಶೇಷಣ ಇನ್ನೂ ಇದೆ. ಹಕ್ಕಿ ಮಾತ್ರ ಕಡಿಮೆಯಾಗುತ್ತಿದೆ. ಹೆಸರನ್ನು ನಂಬಿ ಎಲ್ಲರೂ ಅದನ್ನು ಬರೆಯದೆ ಬಿಟ್ಟಿದ್ದರೆ ಈ ಕುಸಿತ ಯಾರ ಗಮನಕ್ಕೂ ಬರುತ್ತಿರಲಿಲ್ಲ.

ಗುಬ್ಬಚ್ಚಿಯದೂ ಇಂತಹುದೇ ಪಾಠ. ದೇಶದಾದ್ಯಂತ ನೋಡಿದರೆ ಗುಬ್ಬಚ್ಚಿಗಳ ಸಂಖ್ಯೆ ಸ್ಥಿರವಾಗಿಯೇ ಇದೆಯೆಂದು ೨೦೨೦ರ ವರದಿ ಹೇಳಿತು. ಆದರೆ ಆರು ಮಹಾನಗರಗಳಲ್ಲಿ ಅದು ಇಳಿಯುತ್ತ ಬಂದಿರುವುದನ್ನೂ ಅದೇ ವರದಿ ತೋರಿಸಿತು. ಆ ಆರರಲ್ಲಿ ಬೆಂಗಳೂರೂ ಒಂದು. ಅಜ್ಜಿಯ ಅಕ್ಕಿಯ ಮೊರದ ಬಳಿ ನಿರ್ಭಯವಾಗಿ ಕುಪ್ಪಳಿಸುತ್ತಿದ್ದ ಹಕ್ಕಿಯನ್ನು ಹಿಂದೆ ಯಾರು ಎಣಿಸಿ ಬರೆದಿಟ್ಟರು? ಅದು ಸಾಮಾನ್ಯವಾಗಿದ್ದಿತು. ಇಂದು ಈ ನಗರದ ಎಷ್ಟೋ ಬೀದಿಗಳಲ್ಲಿ, ಅದು ಯಾವ ವರ್ಷದಿಂದ ಕಾಣದಾಯಿತೆಂದು ಖಚಿತವಾಗಿ ಹೇಳಬಲ್ಲವರಿಲ್ಲ.

ವಿದ್ಯಾರ್ಥಿಗಳಿಗೆ ಒಂದು ಕೆಲಸ

ಪಕ್ಷಿವೀಕ್ಷಕರ ನುಡಿಯಲ್ಲಿ ಯಾವುದು ಮೆಚ್ಚಿನದು, ಯಾವುದು ಮುನಿಸಿನದು ಎಂಬುದಕ್ಕೆ ಈಗ ಒಂದು ಒರೆಗಲ್ಲು ದೊರೆತಂತಾಯಿತು. ಇನ್ನೊಮ್ಮೆ ನೋಡು ಎಂದು ಪ್ರೇರಿಸುವ ಪದವು ಯಾವ ಭಾಷೆಯಿಂದ ಬಂದರೂ ಸ್ವಾಗತಾರ್ಹ. ನೋಡಿದ್ದು ಸಾಕು ಎಂದು ಕಣ್ಣನ್ನು ಬೇರೆಡೆಗೆ ತಿರುಗಿಸುವ ಪದವು ನಮ್ಮ ಭಾಷೆಯದೇ ಆಗಿದ್ದರೂ ಅದರ ವಿಷಯದಲ್ಲಿ ಎಚ್ಚರವಾಗಿರಬೇಕು. ಜಿಜ್ ಮತ್ತು ನಾಮದ ಕೋಳಿ ಮೊದಲ ಗುಂಪಿಗೆ ಸೇರುತ್ತವೆ. ಎಲ್ಲಕ್ಕೂ ಸಲ್ಲುವ ಕೊಕ್ಕರೆಯೂ, ಕಸದ ಹಕ್ಕಿಯೂ, ಸಾಮಾನ್ಯವೂ ಎರಡನೆಯದಕ್ಕೆ.

ಈ ಲೇಖನವನ್ನು ಓದಿದ ತರುಣರು ಕೈಗೊಳ್ಳಬಹುದಾದ ಕೆಲಸವೊಂದಿದೆ. ಅದಕ್ಕೆ ದುರ್ಬೀನೂ ಬೇಡ, ಹಣವೂ ಬೇಡ. ನಿಮ್ಮ ಮನೆಗೆ ಹತ್ತಿರದ ಕೆರೆಯನ್ನೋ ತೋಟವನ್ನೋ ಆರಿಸಿಕೊಳ್ಳಿ. ವಾರಕ್ಕೊಮ್ಮೆ ಹದಿನೈದು ನಿಮಿಷ ಅಲ್ಲಿ ನಿಂತು, ಗುರುತಿಸಬಲ್ಲ ಹಕ್ಕಿಗಳೆಲ್ಲವನ್ನೂ, ಕಾಗೆಯಿಂದ ಮೊದಲುಮಾಡಿ, ದಿನಾಂಕ ಮತ್ತು ವೇಳೆಯೊಡನೆ ಬರೆಯಿರಿ. ತಿಳಿಯದಿದ್ದುದನ್ನು ತಿಳಿಯದೆಂದೇ ಬರೆಯಿರಿ. ಪುಸ್ತಕದ ಎದುರು ಪುಟವನ್ನು ಖಾಲಿ ಬಿಟ್ಟು, ಆ ಹಕ್ಕಿಗೆ ನಿಮ್ಮ ಅಜ್ಜಿ, ತಾತ, ಬೆಸ್ತರು, ಕುರಿ ಮೇಯಿಸುವವರು ಏನೆನ್ನುತ್ತಾರೆಂದು ಕೇಳಿ, ಅವರು ಹೇಳಿದಂತೆಯೇ ಗುರುತುಮಾಡಿಕೊಳ್ಳಿ. ಒಂದು ಪುಟದಲ್ಲಿ ಹಕ್ಕಿಯ ಲೆಕ್ಕವಿರುತ್ತದೆ, ಇನ್ನೊಂದರಲ್ಲಿ ಅದರ ಹೆಸರಿರುತ್ತದೆ. ಎರಡೂ ಕಡಿಮೆಯಾಗುತ್ತಿರುವ ಕಾಲದಲ್ಲಿ ಎರಡನ್ನೂ ಒಟ್ಟಿಗೆ ಉಳಿಸಿದ ಪುಸ್ತಕವು ಮುಂದೆ ಯಾವ ವಿಜ್ಞಾನಿಗಾದರೂ ಬೆಲೆಯುಳ್ಳದ್ದಾಗುವುದರಲ್ಲಿ ಸಂದೇಹವಿಲ್ಲ.